ಬಡವರ ಓಣಿಯಲ್ಲಿ ಬಾಪೂಜಿ

ಶಾಂತಿ ಎಂಬ ಮಾತನ್ನು ಉಚ್ಚರಿಸುವುದು ಸುಲಭ, ಅದನ್ನು ಬಾಳುವುದು ಕಠಿಣ. ಸಭಾಮಂಟಪದಲ್ಲಿ ಹೂಮಾಲೆ ಧರಿಸಿ ಶಾಂತಿಯ ವಿಷಯವಾಗಿ ಮಾತನಾಡಿದವರು ಎಲ್ಲ ಕಾಲಗಳಲ್ಲಿಯೂ ಇದ್ದಾರೆ. ಆದರೆ ನೆತ್ತರು ಇನ್ನೂ ಒಣಗದಿರುವ ಓಣಿಗೆ ಕಾವಲಿಲ್ಲದೆ ಹೋಗಿ, ಅಲ್ಲಿಯ ಮುರುಕು ಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗಿ, ಕಲ್ಲೆಸೆಯಲು ಬಂದವರನ್ನೇ ಒಳಗೆ ಕರೆದು ಮಾತನಾಡಿಸಿದವರು ವಿರಳ. ಅಂಥ ವಿರಳರಲ್ಲಿ ಮಹಾತ್ಮ ಗಾಂಧೀಜಿಯವರು ಅಗ್ರಗಣ್ಯರು. ಅವರು ಸ್ವಾತಂತ್ರ್ಯ ಸಂಗ್ರಾಮವನ್ನು ನಡೆಸಿದ ಬಗೆಯನ್ನು ನಾವೆಲ್ಲರೂ ಶಾಲೆಯ ಪುಸ್ತಕಗಳಲ್ಲಿ ಓದಿದ್ದೇವೆ. ಆದುದರಿಂದ ಈ ಲೇಖನದಲ್ಲಿ ಅದನ್ನು ವಿಸ್ತರಿಸುವುದಿಲ್ಲ. ಪಟ್ಟಣಗಳ ಬಡ ಓಣಿಗಳಲ್ಲಿ ಅವರು ಶಾಂತಿಗಾಗಿ, ಸಂವಾದಕ್ಕಾಗಿ ಪಟ್ಟ ಶ್ರಮವನ್ನಷ್ಟೇ ನೆನೆಯುವುದು ಇಲ್ಲಿಯ ಉದ್ದೇಶ.

ಮೋಹನದಾಸ ಕರಮಚಂದ ಗಾಂಧಿಯವರು 1869ರ ಅಕ್ಟೋಬರ್ 2ರಂದು ಸೌರಾಷ್ಟ್ರದ ಪೋರಬಂದರಿನಲ್ಲಿ ಜನಿಸಿದರು. ತಂದೆ ಸಂಸ್ಥಾನದ ದಿವಾನರು. 1888ರಲ್ಲಿ ಬ್ಯಾರಿಸ್ಟರ್ ವ್ಯಾಸಂಗಕ್ಕಾಗಿ ಲಂಡನ್ನಿಗೆ ತೆರಳಿದ ತರುಣನು ಅಲ್ಲಿ ಭಗವದ್ಗೀತೆಯನ್ನು ಓದಿದಂತೆಯೇ ಬೈಬಲನ್ನೂ ಓದಿದನು. ಸಂತ ಮತ್ತಾಯರ ಶುಭಸಂದೇಶದಲ್ಲಿಯ ಪರ್ವತ ಪ್ರಸಂಗವು ಅವನ ಹೃದಯವನ್ನು ನೇರವಾಗಿ ಹೊಕ್ಕಿತು. ಕೆಡುಕಿಗೆ ಕೆಡುಕಿನಿಂದ ಉತ್ತರಿಸಬಾರದೆಂಬ ಪ್ರಭು ಯೇಸುವಿನ ಬೋಧೆ ಅವರ ಬಾಳಿನ ಕೊನೆಯವರೆಗೂ ಅವರೊಡನೆ ಉಳಿಯಿತು. ಅವರು ಹಿಂದೂವಾಗಿಯೇ ಬಾಳಿದರು. ಮತಾಂತರದ ವಿಷಯದಲ್ಲಿ ಅವರಿಗೂ ಮಿಷನರಿಗಳಿಗೂ ಭಿನ್ನಾಭಿಪ್ರಾಯವಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಆ ಭಿನ್ನಾಭಿಪ್ರಾಯವು ಎಂದೂ ಹಗೆಯಾಗಲಿಲ್ಲ. ದೀನಬಂಧು ಸಿ. ಎಫ್. ಆಂಡ್ರೂಸರಂಥ ಕ್ರೈಸ್ತರು ಅವರ ಆಪ್ತಮಿತ್ರರ ಸಾಲಿನಲ್ಲಿದ್ದರು.

ಕೊಳೆಗೇರಿಯ ಮೊದಲ ಪಾಠ

1893ರಲ್ಲಿ ವಕೀಲಿ ಕೆಲಸಕ್ಕಾಗಿ ದಕ್ಷಿಣ ಆಫ್ರಿಕೆಗೆ ಹೋದ ಗಾಂಧೀಜಿಯವರಿಗೆ ಬಡವರ ಕೇರಿಯ ನಿಜವಾದ ಪರಿಚಯವಾದುದು ಜೋಹಾನ್ಸ್‌ಬರ್ಗ್ ನಗರದಲ್ಲಿ. ಅಲ್ಲಿ ಭಾರತೀಯ ಕೂಲಿಕಾರರನ್ನು ಊರ ಅಂಚಿನ ಒಂದು ಇಕ್ಕಟ್ಟಾದ ಕೇರಿಯಲ್ಲಿ ಇರಿಸಲಾಗಿತ್ತು. ನಗರಸಭೆಯು ಆ ಕೇರಿಯ ನೈರ್ಮಲ್ಯವನ್ನು ಕಡೆಗಣಿಸಿತ್ತು. 1904ರಲ್ಲಿ ಅಲ್ಲಿ ಶ್ವಾಸಕೋಶದ ಪ್ಲೇಗು ಕಾಣಿಸಿಕೊಂಡಿತು. ಗಾಂಧೀಜಿಯವರು ಡಾಕ್ಟರ್ ವಿಲಿಯಂ ಗಾಡ್‌ಫ್ರೆ ಎಂಬ ಭಾರತೀಯ ವೈದ್ಯರೊಡನೆ, ತಮ್ಮ ಕಚೇರಿಯ ತರುಣರನ್ನೂ ಕರೆದುಕೊಂಡು ಹೋಗಿ, ರೋಗಿಗಳನ್ನು ಒಂದು ಖಾಲಿ ಮನೆಗೆ ಸೇರಿಸಿ ರಾತ್ರಿಯಿಡೀ ಶುಶ್ರೂಷೆ ಮಾಡಿದರು. ರೋಗಿಗಳಲ್ಲಿ ಹೆಚ್ಚಿನವರು ತೀರಿಕೊಂಡರು. ಸೇವೆಗೆ ಬಂದ ದಾದಿಯೂ ಅದೇ ಬೇನೆಗೆ ಬಲಿಯಾದಳು. ಬಡವರ ನಡುವೆ ಇಳಿದು ಕೆಲಸ ಮಾಡದವನಿಗೆ ಅವರ ಪರವಾಗಿ ಮಾತನಾಡುವ ಹಕ್ಕಿಲ್ಲವೆಂಬ ಅರಿವು ಅವರಲ್ಲಿ ಅಂದಿನಿಂದ ಗಟ್ಟಿಯಾಯಿತು.

ಅದೇ ನಗರದಲ್ಲಿ 1908ರಲ್ಲಿ ಇನ್ನೊಂದು ಪರೀಕ್ಷೆ ಎದುರಾಯಿತು. ನೋಂದಣಿ ಕಾನೂನಿನ ವಿಷಯದಲ್ಲಿ ಅವರು ಜನರಲ್ ಸ್ಮಟ್ಸರೊಡನೆ ಮಾಡಿಕೊಂಡ ರಾಜಿಯನ್ನು ದ್ರೋಹವೆಂದು ಭಾವಿಸಿದ ಮೀರ್ ಆಲಂ ಎಂಬ ಪಠಾಣನು ಸಂಗಡಿಗರೊಡನೆ ಬಂದು ಬೀದಿಯಲ್ಲಿಯೇ ಅವರನ್ನು ಹೊಡೆದು ಕೆಡಹಿದನು. ಎಚ್ಚರ ಬಂದ ಕೂಡಲೇ ಗಾಂಧೀಜಿಯವರು ಮಾಡಿದ ಮೊದಲ ಕೋರಿಕೆ, ಹೊಡೆದವರ ಮೇಲೆ ಮೊಕದ್ದಮೆ ಹೂಡಬಾರದೆಂಬುದು. ಅವರ ಗಾಯಗಳನ್ನು ಆರೈಕೆ ಮಾಡಿದವರು ಜೋಸೆಫ್ ಡೋಕ್ ಎಂಬ ಕ್ರೈಸ್ತ ಪಾದ್ರಿ ಮತ್ತು ಅವರ ಕುಟುಂಬದವರು. ಮುಂದೆ ಆ ಪಾದ್ರಿಗಳೇ ಗಾಂಧೀಜಿಯವರ ಮೊದಲ ಜೀವನಚರಿತ್ರೆಯನ್ನು ಬರೆದರು.

ಗಿರಣಿ ಕಾರ್ಮಿಕರ ಚಾಳಿನಲ್ಲಿ

1915ರಲ್ಲಿ ತಾಯ್ನಾಡಿಗೆ ಮರಳಿದ ಮೇಲೆ ಅವರು ಅಹಮದಾಬಾದಿನಲ್ಲಿ ಆಶ್ರಮ ಸ್ಥಾಪಿಸಿದರು. ಬಟ್ಟೆಗಿರಣಿಗಳ ನಗರವದು. ಕಲಬುರಗಿಯ ಎಂ.ಎಸ್.ಕೆ. ಗಿರಣಿಯಲ್ಲಿಯೂ ಸೊಲ್ಲಾಪುರದ ಗಿರಣಿಗಳಲ್ಲಿಯೂ ಒಂದು ಕಾಲಕ್ಕೆ ದುಡಿದವರ ಮನೆಗಳಲ್ಲಿ ಗಿರಣಿಯ ಭೋಂಗಾ, ಪಾಳಿ, ಚಾಳಿನ ಬಾಳು ಇವುಗಳ ನೆನಪು ಇನ್ನೂ ಅಳಿದಿಲ್ಲ. ಅಹಮದಾಬಾದಿನಲ್ಲಿ ಪ್ಲೇಗಿನ ಕಾಲದಲ್ಲಿ ಕಾರ್ಮಿಕರನ್ನು ಊರಿನಲ್ಲಿ ಉಳಿಸಿಕೊಳ್ಳಲು ಕೊಟ್ಟಿದ್ದ ಹೆಚ್ಚುವರಿ ಭತ್ಯೆಯನ್ನು ಮಾಲೀಕರು ನಿಲ್ಲಿಸಿದಾಗ, 1918ರ ಫೆಬ್ರವರಿಯಲ್ಲಿ ಘರ್ಷಣೆ ತಲೆದೋರಿತು. ಕಾರ್ಮಿಕರು ನೂರಕ್ಕೆ 35ರಷ್ಟು ಹೆಚ್ಚಳ ಬೇಕೆಂದರು, ಮಾಲೀಕರು 20ಕ್ಕಿಂತ ಹೆಚ್ಚಿಗೆ ಕೊಡಲೊಲ್ಲೆವೆಂದರು. ವಿಚಿತ್ರವೆಂದರೆ, ಮಾಲೀಕರ ಮುಂದಾಳು ಅಂಬಾಲಾಲ ಸಾರಾಭಾಯಿ, ಕಾರ್ಮಿಕರ ಪರವಾಗಿ ನಿಂತವರು ಅವರ ಅಕ್ಕ ಅನಸೂಯಾಬೆನ್.

ಗಾಂಧೀಜಿಯವರು ಪ್ರತಿದಿನ ಸಾಬರಮತಿಯ ದಂಡೆಯಲ್ಲಿ ಜಾಲಿಯ ಮರದ ನೆರಳಿನಲ್ಲಿ ಕಾರ್ಮಿಕರನ್ನು ಕೂಡಿಸಿ ಮಾತನಾಡಿದರು. ಕೈ ಎತ್ತಬಾರದು, ಕೆಲಸಕ್ಕೆ ಹೋಗುವವರನ್ನು ಬೆದರಿಸಬಾರದು, ಭಿಕ್ಷೆಗೆ ಕೈಯೊಡ್ಡಬಾರದು ಎಂಬ ಪ್ರತಿಜ್ಞೆ ಮಾಡಿಸಿದರು. ವಾರಗಳು ಉರುಳಿದವು, ಹಸಿವು ಮನೆಮನೆಗೂ ಬಂದಿತು. ನಾಯಕರು ಮೋಟಾರಿನಲ್ಲಿ ಬಂದು ಹೋಗುತ್ತಾರೆ, ಅವರಿಗೆ ಊಟದ ಕೊರತೆಯಿಲ್ಲ, ಹಸಿದವನ ಸಂಕಟ ಅವರಿಗೇನು ಗೊತ್ತು ಎಂದು ಒಂದು ಚಾಳಿನ ಕಾರ್ಮಿಕನು ಆಡಿದ ಚುಚ್ಚುಮಾತು ಅವರ ಕಿವಿಗೆ ಬಿತ್ತು. ಆ ಮಾತಿನಲ್ಲಿ ಸತ್ಯವಿದೆಯೆಂದು ಅವರಿಗೆ ತೋರಿತು. ಮಾರ್ಚ್ 15ರಂದು ಅವರು ಉಪವಾಸ ಹೂಡಿದರು. ಮೂರು ದಿನಗಳಲ್ಲಿ ಎರಡೂ ಪಕ್ಷಗಳು ಪಂಚಾಯ್ತಿಗೆ ಒಪ್ಪಿದವು. ಪಂಚರಾಗಿದ್ದ ಆನಂದಶಂಕರ ಧ್ರುವರು ಕೊನೆಗೆ 35ರ ಹೆಚ್ಚಳವನ್ನೇ ತೀರ್ಪಾಗಿ ಕೊಟ್ಟರು. ಸೋತವರ ಮನಸ್ಸಿನಲ್ಲಿ ಕಹಿ ಉಳಿಯದಂತೆ ಗೆಲ್ಲಬೇಕೆಂಬುದು ಈ ಹೋರಾಟದ ತಿರುಳು. ಗೆದ್ದ ಮೇಲೆಯೂ ಅಂಬಾಲಾಲರು ಗಾಂಧೀಜಿಯವರ ಮಿತ್ರರಾಗಿಯೇ ಉಳಿದರು.

ಕಲಬುರಗಿಯ ಗಾಯ

ನಮ್ಮ ಸೀಮೆಗೂ ಈ ಕಥೆಗೂ ಸಂಬಂಧವಿದೆ. ಒಂದು ಕಡೆ ಶರಣಬಸವೇಶ್ವರರ ಗುಡಿ, ಇನ್ನೊಂದು ಕಡೆ ಖ್ವಾಜಾ ಬಂದೇನವಾಜರ ದರ್ಗಾ, ಇವೆರಡನ್ನೂ ತನ್ನ ಮಡಿಲಲ್ಲಿಟ್ಟುಕೊಂಡು ಬಾಳಿದ ಕಲಬುರಗಿಯಲ್ಲಿ 1924ರ ಆಗಸ್ಟ್ ತಿಂಗಳಿನಲ್ಲಿ ಹಿಂದೂ ಮುಸಲ್ಮಾನರ ಗಲಭೆ ಭುಗಿಲೆದ್ದಿತು. ಆಗ ಅದು ಹೈದರಾಬಾದಿನ ನಿಜಾಮರ ಆಳ್ವಿಕೆಗೆ ಒಳಪಟ್ಟ ಊರು. ಶರಣಬಸವೇಶ್ವರರ ಗುಡಿಯೂ ದಾಳಿಯಿಂದ ಪಾರಾಗಲಿಲ್ಲ. ಈ ಸುದ್ದಿಯಿಂದ ನೊಂದ ಗಾಂಧೀಜಿಯವರು ತಮ್ಮ ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಕಲಬುರಗಿಯ ಹೆಸರು ಹಿಡಿದೇ ಲೇಖನ ಬರೆದರು. ಮರುತಿಂಗಳು ವಾಯವ್ಯ ಗಡಿಯ ಕೋಹಾಟಿನಿಂದ ಅದಕ್ಕಿಂತಲೂ ಘೋರವಾದ ವಾರ್ತೆ ಬಂದಿತು.

ಶಸ್ತ್ರಕ್ರಿಯೆಯಾಗಿ, ಸೆರೆಮನೆಯಿಂದ ಬಿಡುಗಡೆಯಾಗಿ, ಆಗ ಕೆಲವೇ ತಿಂಗಳುಗಳಾಗಿದ್ದವು. ಆ ದುರ್ಬಲ ದೇಹದಲ್ಲಿಯೇ ಅವರು 1924ರ ಸೆಪ್ಟೆಂಬರ್ 18ರಂದು ದಿಲ್ಲಿಯಲ್ಲಿ 21 ದಿನಗಳ ಉಪವಾಸವನ್ನು ಪ್ರಾರಂಭಿಸಿದರು. ಅದಕ್ಕಾಗಿ ಅವರು ಆರಿಸಿಕೊಂಡುದು ಮೌಲಾನಾ ಮಹಮ್ಮದ್ ಅಲಿಯವರ ಮನೆಯನ್ನು. ಹಿಂದೂ ಒಬ್ಬನ ಪ್ರಾಣವನ್ನು ಮುಸಲ್ಮಾನರು ತಮ್ಮ ಮನೆಯಲ್ಲಿ ಕಾಪಾಡುತ್ತಿರುವ ಆ ನೋಟವೇ ಒಂದು ಉಪದೇಶವಾಯಿತು. ಆ ದಿನಗಳಲ್ಲಿ ದಿಲ್ಲಿಯಲ್ಲಿ ಸರ್ವಧರ್ಮೀಯರ ಐಕ್ಯ ಸಮ್ಮೇಳನವೂ ನೆರೆಯಿತು. ಅಕ್ಟೋಬರ್ 8ರಂದು ಉಪವಾಸ ಮುಗಿದಾಗ ಕುರಾನಿನ ಪಠಣವಾಯಿತು, ವಿನೋಬಾ ಅವರು ಉಪನಿಷತ್ತನ್ನು ಓದಿದರು, ಆಂಡ್ರೂಸರು ಪ್ರಭುವಿನ ಶಿಲುಬೆಯನ್ನು ಕುರಿತ ಭಕ್ತಿಗೀತೆಯೊಂದನ್ನು ಹಾಡಿದರು. ಅದೇ ವರ್ಷದ ಕೊನೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಅವರು ಅಧ್ಯಕ್ಷರಾದರು. 1927ರ ಫೆಬ್ರವರಿಯಲ್ಲಿ ಖಾದಿ ಪ್ರವಾಸದ ನಡುವೆ ಕಲಬುರಗಿಗೂ ಬಂದು, ಗಾಯಗೊಂಡಿದ್ದ ಊರಿನ ಜನರಿಗೆ ಐಕ್ಯದ ಮಾತನ್ನು ಹೇಳಿ ಹೋದರು.

ಲಂಡನ್ನಿನ ಬಡ ಕೇರಿ, ರೋಮಿನ ಶಿಲುಬೆ

1931ರಲ್ಲಿ ದುಂಡುಮೇಜಿನ ಪರಿಷತ್ತಿಗೆಂದು ಲಂಡನ್ನಿಗೆ ಹೋದಾಗ ಅವರು ಭವ್ಯವಾದ ಹೋಟೆಲುಗಳನ್ನು ಬಿಟ್ಟು, ನಗರದ ಪೂರ್ವಭಾಗದ ಬೋ ಎಂಬ ಬಡ ಕೇರಿಯಲ್ಲಿ, ಮ್ಯೂರಿಯಲ್ ಲೆಸ್ಟರ್ ಎಂಬ ಕ್ರೈಸ್ತ ಸೇವಕಿಯು ನಡೆಸುತ್ತಿದ್ದ ಕಿಂಗ್ಸ್‌ಲಿ ಹಾಲ್ ಎಂಬಲ್ಲಿ ಇಳಿದುಕೊಂಡರು. ಮಾಳಿಗೆಯ ಮೇಲಿನ ಒಂದು ಚಿಕ್ಕ ಕೋಣೆಯೇ ಅವರ ಬಿಡಾರ. ಬೆಳಗಿನ ಜಾವ ಆ ಓಣಿಗಳಲ್ಲಿ ನಡೆದಾಡುವಾಗ ಕಾರ್ಮಿಕರ ಮಕ್ಕಳು ಅವರ ಬೆನ್ನು ಹತ್ತುತ್ತಿದ್ದರು. ವಿದೇಶೀ ಬಟ್ಟೆಯ ಬಹಿಷ್ಕಾರದಿಂದಲೂ ಕೆಲಸ ಕಳೆದುಕೊಂಡಿದ್ದ ಲಂಕಾಶೈರಿನ ಗಿರಣಿ ಕಾರ್ಮಿಕರ ಬಳಿಗೂ ಅವರು ಅಂಜದೆ ಹೋದರು. ಅವರ ಕಷ್ಟವನ್ನು ಕೇಳಿದರು, ಭಾರತದ ಹಳ್ಳಿಗಳ ಅದಕ್ಕಿಂತಲೂ ಹೆಚ್ಚಿನ ಬಡತನವನ್ನು ತಿಳಿಸಿ ಹೇಳಿದರು. ಬಹಿಷ್ಕಾರವನ್ನು ಕೈಬಿಡುವುದಾಗಿ ಸುಳ್ಳು ಭರವಸೆ ಕೊಡಲಿಲ್ಲ. ಆದರೂ ಆ ಕಾರ್ಮಿಕರು ಅವರನ್ನು ಹರ್ಷದಿಂದ ಬೀಳ್ಕೊಟ್ಟರು. ಎದುರಾಳಿಯ ಬಡವನೂ ಬಡವನೇ ಎಂಬ ತಿಳಿವಿನಿಂದ ಹುಟ್ಟಿದ ಸಂವಾದವದು.

ಮರಳುವಾಗ ಡಿಸೆಂಬರಿನಲ್ಲಿ ಅವರು ರೋಮಿಗೆ ಭೇಟಿ ಕೊಟ್ಟರು. ಅಂದಿನ ಜಗದ್ಗುರು 11ನೆಯ ಪಯಸ್ ಅವರ ದರ್ಶನ ಒದಗಲಿಲ್ಲ. ಆದರೆ ವ್ಯಾಟಿಕನ್ನಿನಲ್ಲಿ ಶಿಲುಬೆಗೇರಿದ ಪ್ರಭುವಿನ ಪ್ರತಿಮೆಯೊಂದರ ಮುಂದೆ ಅವರು ಬಹಳ ಹೊತ್ತು ಮೌನವಾಗಿ ನಿಂತರು, ಕಣ್ಣುಗಳು ತುಂಬಿ ಬಂದವು. ಪರರಿಗಾಗಿ ಸ್ವತಃ ನೋವುಣ್ಣುವುದೇ ಶಾಂತಿಯ ದಾರಿಯೆಂಬ ಅವರ ನಂಬಿಕೆಗೆ ಆ ದರ್ಶನದಿಂದ ಬಲ ದೊರೆಯಿತು.

ಬೇಲಿಯಾಘಾಟದ ಮುರುಕು ಮನೆ

ಈ ಎಲ್ಲ ಸಾಧನೆಗೆ ಕಿರೀಟಪ್ರಾಯವಾದ ಘಟನೆ ನಡೆದುದು 1947ರಲ್ಲಿ ಕಲ್ಕತ್ತೆಯಲ್ಲಿ. 1946ರ ಆಗಸ್ಟ್ 16ರಂದು ಆ ನಗರದಲ್ಲಿ ಪ್ರಾರಂಭವಾದ ನರಮೇಧದಲ್ಲಿ ಕೆಲವೇ ದಿನಗಳೊಳಗೆ ಸಾವಿರಾರು ಜನರು ಹತರಾದರು. ಅಲ್ಲಿಂದ ಬೆಂಕಿ ಪೂರ್ವಬಂಗಾಲದ ನೌಖಾಲಿಗೆ, ನೌಖಾಲಿಯಿಂದ ಬಿಹಾರಕ್ಕೆ ಹಬ್ಬಿತು. 77 ವರ್ಷ ದಾಟಿದ ಗಾಂಧೀಜಿಯವರು ನೌಖಾಲಿಯ ಹಳ್ಳಿಹಳ್ಳಿಗೆ ಬರಿಗಾಲಿನಲ್ಲಿ ನಡೆದರು, ಬಿಹಾರದಲ್ಲಿ ಮುಸಲ್ಮಾನರ ಕಣ್ಣೀರು ಒರೆಸಿದರು. 1947ರ ಆಗಸ್ಟ್ 9ರಂದು ಅವರು ಮತ್ತೆ ನೌಖಾಲಿಗೆ ಹೋಗುವ ದಾರಿಯಲ್ಲಿ ಕಲ್ಕತ್ತೆಗೆ ಬಂದಾಗ, ನಗರದ ಮುಸಲ್ಮಾನ ಮುಖಂಡರು ಅಲ್ಲಿಯೇ ನಿಲ್ಲಬೇಕೆಂದು ಬೇಡಿಕೊಂಡರು. ನೌಖಾಲಿಯ ಹಿಂದೂಗಳ ಸುರಕ್ಷತೆಗೆ ಆ ಮುಖಂಡರು ಹೊಣೆಯಾಗಬೇಕು, ಹಿಂದಿನ ವರ್ಷ ಬಂಗಾಲದ ಮುಖ್ಯಮಂತ್ರಿಯಾಗಿದ್ದ ಸುಹ್ರವರ್ದಿಯವರು ಪೊಲೀಸರ ರಕ್ಷಣೆಯಿಲ್ಲದೆ ತಮ್ಮೊಡನೆ ಒಂದೇ ಸೂರಿನಡಿಯಲ್ಲಿ ವಾಸಿಸಬೇಕು ಎಂಬ ಷರತ್ತಿನ ಮೇಲೆ ಅವರು ಒಪ್ಪಿದರು.

ಆಗಸ್ಟ್ 13ರಂದು ಇಬ್ಬರೂ ಬೇಲಿಯಾಘಾಟದ ಹೈದರಿ ಮಂಜಿಲ್ ಎಂಬ ಮನೆಗೆ ಬಂದರು. ಕೊಳೆಗೇರಿಯ ಪಕ್ಕದಲ್ಲಿದ್ದ, ಬಹುಕಾಲ ಪಾಳುಬಿದ್ದಿದ್ದ ಮನೆಯದು. ಬಂದುಹೋಗುವ ನೂರಾರು ಜನರಿಗೂ ಇದ್ದುದು ಒಂದೇ ಶೌಚಾಲಯ. ಮಳೆಗಾಲದ ಕೆಸರು, ಅದರ ಮೇಲೆ ಚೆಲ್ಲಿದ ಬಿಳಿ ಪುಡಿಯ ವಾಸನೆ. ಅವರು ಕಾಲಿಟ್ಟ ಗಳಿಗೆಯಲ್ಲಿಯೇ ಹಿಂದೂ ತರುಣರ ಗುಂಪು ಸಿಟ್ಟಿನಿಂದ ಕೂಗತೊಡಗಿತು, ಕಲ್ಲುಗಳು ಬಿದ್ದವು. ಹಿಂದಿನ ವರ್ಷ ಹಿಂದೂಗಳು ಸತ್ತಾಗ ಬಾರದವರು ಈಗ ಮುಸಲ್ಮಾನರ ರಕ್ಷಣೆಗೆ ಏಕೆ ಬಂದರೆಂಬುದು ಅವರ ಪ್ರಶ್ನೆ. ಗಾಂಧೀಜಿಯವರು ಅವರ ಪ್ರತಿನಿಧಿಗಳನ್ನು ಒಳಗೆ ಕರೆಸಿದರು. ಅವರ ಪ್ರಶ್ನೆಗಳನ್ನು ಪೂರ್ತಿಯಾಗಿ ಕೇಳಿ ಉತ್ತರಿಸಿದರು. ಮರುದಿನವೂ ಮಾತು ಮುಂದುವರಿಯಿತು. ಕೊನೆಗೆ ಆ ತರುಣರಲ್ಲಿಯೇ ಹಲವರು ಮನೆಯ ಕಾವಲಿಗೆ ನಿಂತರು.

ಆಗಸ್ಟ್ 14ರ ರಾತ್ರಿ ನೆರೆದ ಜನರ ಮುಂದೆ ಒಬ್ಬ ತರುಣನು ಹಿಂದಿನ ವರ್ಷದ ಕೊಲೆಗಳ ಹೊಣೆ ಯಾರದೆಂದು ಸುಹ್ರವರ್ದಿಯವರನ್ನು ಕೇಳಿದನು. ಆ ಹೊಣೆ ತಮ್ಮದೆಂದು ಅವರು ಬಹಿರಂಗವಾಗಿ ಒಪ್ಪಿಕೊಂಡರು. ತಪ್ಪೊಪ್ಪಿಗೆಯ ಸಂಸ್ಕಾರವನ್ನು ಬಲ್ಲ ನಮಗೆ ಆ ಕ್ಷಣದ ಬೆಲೆ ತಿಳಿಯದೆ ಇರದು. ತುಂಬಿದ ಸಿಟ್ಟು ಒಮ್ಮೆಲೇ ಇಳಿದುಹೋಯಿತು. ಆ ರಾತ್ರಿ ಮತ್ತು ಮರುದಿನ ಹಿಂದೂ ಮುಸಲ್ಮಾನರು ಬೀದಿಗಳಲ್ಲಿ ಒಬ್ಬರನ್ನೊಬ್ಬರು ಆಲಂಗಿಸಿದರು. ದೇಶವೆಲ್ಲ ಸ್ವಾತಂತ್ರ್ಯದ ಸಂಭ್ರಮದಲ್ಲಿದ್ದಾಗ ಗಾಂಧೀಜಿಯವರು ಆ ಮುರುಕು ಮನೆಯಲ್ಲಿ ಉಪವಾಸ, ಪ್ರಾರ್ಥನೆ, ನೂಲುವಿಕೆಗಳಿಂದ ದಿನವನ್ನು ಕಳೆದರು.

ಎಪ್ಪತ್ತಮೂರು ಗಂಟೆಗಳು

ಈ ಶಾಂತಿ ಎರಡು ವಾರ ಬಾಳಿತು. ಆಗಸ್ಟ್ 31ರ ರಾತ್ರಿ ಒಂದು ಗುಂಪು ಗಾಯಾಳುವೊಬ್ಬನನ್ನು ಹೊತ್ತು ತಂದು ಮನೆಗೆ ನುಗ್ಗಿ ಕಿಟಕಿಗಳನ್ನು ಒಡೆಯಿತು. ಗಾಂಧೀಜಿಯವರತ್ತ ಬೀಸಿದ ಲಾಠಿಯೂ ಇಟ್ಟಿಗೆಯೂ ಕೂದಲೆಳೆಯಷ್ಟರಲ್ಲಿ ತಪ್ಪಿದವು. ಮರುದಿನ ನಗರ ಮತ್ತೆ ಉರಿಯಿತು. ಲಾರಿಯೊಂದರಲ್ಲಿ ಊರು ಬಿಟ್ಟು ಹೊರಟಿದ್ದ ಬಡ ಮುಸಲ್ಮಾನರ ಮೇಲೆ ಕೈಬಾಂಬು ಎಸೆದುದರಿಂದ ಇಬ್ಬರು ಸತ್ತರು. ಗಾಂಧೀಜಿಯವರು ಹೋಗಿ ನೋಡಿದರು. ದಿನಗೂಲಿಯ ಬಡಜನ. ಸತ್ತವನೊಬ್ಬನ ಬಟ್ಟೆಯ ಬಳಿ ನಾಲ್ಕಾಣೆಯ ನಾಣ್ಯವೊಂದು ಬಿದ್ದಿತ್ತು. ಅಂದೇ, ಸೆಪ್ಟೆಂಬರ್ 1ರ ರಾತ್ರಿ, ನಗರಕ್ಕೆ ಬುದ್ಧಿ ಬರುವವರೆಗೂ ಅನ್ನ ಮುಟ್ಟುವುದಿಲ್ಲವೆಂದು ಅವರು ನಿರ್ಧರಿಸಿದರು. ರಾಜ್ಯಪಾಲರಾಗಿದ್ದ ರಾಜಾಜಿಯವರು ಎಷ್ಟು ವಾದಿಸಿದರೂ ಕದಲಲಿಲ್ಲ.

ಮುಂದಿನ ಮೂರು ದಿನಗಳಲ್ಲಿ ಕಲ್ಕತ್ತೆಯ ಮನಸ್ಸು ಕರಗಿತು. ಶಾಂತಿ ಮೆರವಣಿಗೆಗಳು ಹೊರಟವು. ಗಲಭೆಗೆ ಅಡ್ಡನಿಂತ ಸಚಿನ್ ಮಿತ್ರ, ಸ್ಮೃತೀಶ ಬ್ಯಾನರ್ಜಿ ಎಂಬ ಕಾರ್ಯಕರ್ತರು ಪ್ರಾಣವನ್ನೇ ತೆತ್ತರು. ಉತ್ತರ ಕಲ್ಕತ್ತೆಯ ಪೊಲೀಸರು ಕೆಲಸ ಮಾಡುತ್ತಲೇ ಒಂದು ದಿನ ಉಪವಾಸವಿದ್ದರು. ಗೂಂಡಾಗಳ ಮುಂದಾಳುಗಳು ಬಂದು ಆಯುಧಗಳನ್ನು ಮುದುಕನ ಕಾಲಬಳಿ ಇಟ್ಟರು. ಸೆಪ್ಟೆಂಬರ್ 4ರಂದು ಎಲ್ಲ ಮತಗಳ ಮುಖಂಡರು ಇನ್ನು ಗಲಭೆಗೆ ಎಡೆಗೊಡುವುದಿಲ್ಲವೆಂದು, ಅಗತ್ಯ ಬಿದ್ದರೆ ಪ್ರಾಣವನ್ನೇ ಒತ್ತೆಯಿಡುವೆವೆಂದು ಬರೆದು ಸಹಿ ಹಾಕಿದರು. 73 ಗಂಟೆಗಳ ಉಪವಾಸದ ನಂತರ ಸುಹ್ರವರ್ದಿಯವರು ಕೊಟ್ಟ ಹಣ್ಣಿನ ರಸವನ್ನು ಗಾಂಧೀಜಿಯವರು ಸ್ವೀಕರಿಸಿದರು. ಪಂಜಾಬಿನಲ್ಲಿ 55,000 ಸೈನಿಕರಿದ್ದರೂ ತಡೆಯಲಾಗದ ಕೊಲೆಯನ್ನು ಬಂಗಾಲದಲ್ಲಿ ಒಬ್ಬನೇ ಮನುಷ್ಯನು ತಡೆದನೆಂದು ಮೌಂಟ್‌ಬ್ಯಾಟನ್ನರು ವಿಸ್ಮಯಪಟ್ಟರು.

ಇದೇ ಕಲ್ಕತ್ತೆಯಲ್ಲಿ, 1946ರ ಗಲಭೆಯ ದಿನ ತಮ್ಮ ಶಾಲೆಯ ಹುಡುಗಿಯರಿಗೆ ಅನ್ನ ತರಲೆಂದು ಬೀದಿಗಿಳಿದು ಶವಗಳನ್ನು ಕಂಡ ಕನ್ಯಾಸ್ತ್ರೀಯೊಬ್ಬರಿದ್ದರು. 1948ರ ಡಿಸೆಂಬರಿನಲ್ಲಿ ಅವರು ಮೋತಿಝೀಲ್ ಕೊಳೆಗೇರಿಯಲ್ಲಿ ತಮ್ಮ ಹೊಸ ಸೇವೆಯನ್ನು ತೊಡಗಿದರು. ಜಗತ್ತು ಅವರನ್ನು ಮದರ್ ತೆರೇಸಾ ಎಂದು ಅರಿಯಿತು.

ಕೊನೆಯ ಯಾತ್ರೆ

ಸೆಪ್ಟೆಂಬರ್ 9ರಂದು ಗಾಂಧೀಜಿಯವರು ದಿಲ್ಲಿಗೆ ಬಂದರು. ಹಿಂದಿನ ವರ್ಷದಿಂದ ಅವರು ಅಲ್ಲಿ ಜಾಡಮಾಲಿಗಳ ಕೇರಿಯಲ್ಲಿಯೇ ಇಳಿಯುತ್ತಿದ್ದರು. ಆ ಕೇರಿ ಈಗ ನಿರಾಶ್ರಿತರಿಂದ ತುಂಬಿದ್ದುದರಿಂದ ಬಿರ್ಲಾ ಭವನದಲ್ಲಿ ಇರಬೇಕಾಯಿತು. ದಿಲ್ಲಿಯ ದ್ವೇಷವನ್ನು ಆರಿಸಲು 1948ರ ಜನವರಿ 13ರಿಂದ 18ರವರೆಗೆ ಅವರು ಕಡೆಯ ಉಪವಾಸ ಮಾಡಿದರು. ಮಸೀದಿಗಳನ್ನು ಮರಳಿಸುವುದಾಗಿ, ಮುಸಲ್ಮಾನರು ನಿರ್ಭಯವಾಗಿ ಓಡಾಡುವಂತೆ ಮಾಡುವುದಾಗಿ ಎಲ್ಲ ಪಕ್ಷದವರೂ ಮಾತು ಕೊಟ್ಟರು. ಆದರೆ ಎಲ್ಲರ ಮನಸ್ಸೂ ಕರಗಲಿಲ್ಲ. ಜನವರಿ 30ರ ಸಂಜೆ ಪ್ರಾರ್ಥನೆಗೆ ಹೋಗುತ್ತಿದ್ದಾಗ ಅವರು ನಾಥೂರಾಮ ಗೋಡ್ಸೆಯ ಗುಂಡಿಗೆ ಬಲಿಯಾದರು.

ಅವರ ಮಾತಿಗೆ ಕಿವಿಗೊಡದ ಕಡೆ ಏನಾಯಿತೆಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. ಅದೇ 1948ರಲ್ಲಿ ರಜಾಕಾರರ ಹಾವಳಿಯಿಂದ ಹೈದರಾಬಾದ್ ಸಂಸ್ಥಾನದ ಹಳ್ಳಿಗಳು ನಡುಗಿದವು. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ತರುವಾಯ ಸೇಡಿನ ಅಲೆ ತಿರುಗಿ ನಿರಪರಾಧಿ ಮುಸಲ್ಮಾನರ ಮೇಲೆ ಬಿದ್ದಿತು. ಪಂಡಿತ ಸುಂದರಲಾಲರ ನೇತೃತ್ವದಲ್ಲಿ ಬಂದ ಸಮಿತಿಯು ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿಯನ್ನೂ ಹೆಸರಿಸಿತು. ಎರಡೂ ಸಲ ಸತ್ತವರಲ್ಲಿ ಅನೇಕರು ರಾಜಕೀಯವನ್ನು ಅರಿಯದ ಬಡವರೇ.

ನಮ್ಮ ಕರ್ತವ್ಯ

2ನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಅನ್ಯಧರ್ಮೀಯರೊಡನೆ ಗೌರವದ ಸಂವಾದವನ್ನು ಧರ್ಮಸಭೆಯ ಮಕ್ಕಳ ಕರ್ತವ್ಯವೆಂದು ಸಾರಿತು. ಜಗದ್ಗುರು 6ನೆಯ ಪೌಲರು 1968ರಿಂದ ಪ್ರತಿ ವರ್ಷದ ಮೊದಲ ದಿನವನ್ನು ಶಾಂತಿದಿನವನ್ನಾಗಿ ಆಚರಿಸುವಂತೆ ಕರೆ ಕೊಟ್ಟರು. 1986ರ ಫೆಬ್ರವರಿ 1ರಂದು ಭಾರತಕ್ಕೆ ಬಂದ ಜಗದ್ಗುರು 2ನೆಯ ಜಾನ್ ಪೌಲರು ಅಂದೇ ರಾಜಘಾಟಿಗೆ ತೆರಳಿ ಗಾಂಧೀಜಿಯವರ ಸಮಾಧಿಯ ಮುಂದೆ ಪ್ರಾರ್ಥಿಸಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಸಂತ ಫ್ರಾನ್ಸಿಸರ ಅಸ್ಸೀಸಿಯಲ್ಲಿ ನಾನಾ ಧರ್ಮಗಳ ಮುಖಂಡರು ಶಾಂತಿಗಾಗಿ ಪ್ರಾರ್ಥಿಸಲು ಕೂಡಿದರು.

ಅತನೂರ, ಅಫಜಲಪುರ, ಆಳಂದ, ಜೇವರಗಿ ಕಡೆಗಳಿಂದ ಮಳೆ ಕೈಕೊಟ್ಟಾಗ ಗಂಟುಮೂಟೆ ಕಟ್ಟಿಕೊಂಡು ಸೊಲ್ಲಾಪುರ, ಪುಣೆ, ಮುಂಬಯಿ, ಬೆಂಗಳೂರುಗಳಿಗೆ ದುಡಿಯಲು ಹೋಗುವ ಕುಟುಂಬಗಳು ಇಂದಿಗೂ ಉಂಟು. ಅವರು ನೆಲೆಸುವುದು ಅಂಥದೇ ಇಕ್ಕಟ್ಟಾದ ಓಣಿಗಳಲ್ಲಿ, ಭಾಷೆ ಬೇರೆ, ದೇವರು ಬೇರೆಯಾದ ನೆರೆಹೊರೆಯವರ ನಡುವೆ. ಒಂದೇ ನಳದ ಮುಂದೆ ಕೊಡಗಳ ಸಾಲು, ಒಂದು ಸುಳ್ಳು ಸುದ್ದಿ, ಒಂದು ಕಲ್ಲು, ಇಷ್ಟು ಸಾಕು, ವರುಷಗಳ ನೆರೆತನ ಒಂದು ರಾತ್ರಿಯಲ್ಲಿ ಸುಟ್ಟುಹೋಗಲು. ಬೇಲಿಯಾಘಾಟದ ಪಾಠ ಅಲ್ಲಿಯೇ ಬೇಕಾದುದು. ಕೇಳಿದ ಸುದ್ದಿಯನ್ನು ನಂಬುವ ಮೊದಲು ನೆರೆಯವನ ಬಾಗಿಲು ತಟ್ಟಿ ಕೇಳುವುದು, ಸಿಟ್ಟಾದವನ ಮಾತನ್ನು ಕೊನೆಯವರೆಗೂ ಆಲಿಸುವುದು, ನಮ್ಮವರ ತಪ್ಪನ್ನು ನಾವೇ ಮೊದಲು ಒಪ್ಪಿಕೊಳ್ಳುವುದು, ನಮ್ಮವರಲ್ಲದವರಿಗೆ ಏಟು ಬೀಳುವಾಗ ನಡುವೆ ನಿಲ್ಲುವುದು. ಇದಕ್ಕೆ ಮಹಾತ್ಮನೇ ಆಗಬೇಕೆಂದಿಲ್ಲ. ಸೆಪ್ಟೆಂಬರಿನ ಆ ಮೂರು ದಿನಗಳಲ್ಲಿ ಕಲ್ಕತ್ತೆಯ ಓಣಿಗಳಲ್ಲಿ ಈ ಕೆಲಸ ಮಾಡಿದವರು ಹೆಚ್ಚಾಗಿ ಹೆಸರಿಲ್ಲದ ಸಾಮಾನ್ಯರು.

ಹೈದರಿ ಮಂಜಿಲ್ ಇಂದು ಗಾಂಧಿ ಭವನವೆಂಬ ಸ್ಮಾರಕವಾಗಿ ನಿಂತಿದೆ. ಶಾಂತಿಗಾಗಿ ದುಡಿಯುವವರನ್ನು ದೇವರ ಮಕ್ಕಳೆಂದು ಪ್ರಭು ಯೇಸು ಪರ್ವತದ ಮೇಲೆ ಕರೆದರು. ಆ ಹೆಸರಿಗೆ ಅರ್ಹರಾಗುವ ಅನುಗ್ರಹವನ್ನು ಅವರು ನಮ್ಮ ಪ್ರತಿಯೊಂದು ಮನೆಗೂ ದಯಪಾಲಿಸಲಿ.